ನಾಯಿಯೂ ಇತ್ತು

ಮೂವತ್ತೆಂಟು ವರ್ಷ ರೀಗಾದ ಪಿಯಾನೋಗಳಿಗೆ ಕಿವಿಗೊಟ್ಟವನು
ಇಲ್ಗ್ವಾರ್ಸ್. ಒಂದೊಂದು ವಾದ್ಯಕ್ಕೂ ಒಂದೊಂದು ಟಿಪ್ಪಣಿ,
ಸಕ್ಕರೆ ಪೊಟ್ಟಣದ ಬೆನ್ನಿಗೆ, ಟ್ರಾಮ್ ಟಿಕೆಟ್ಟಿನ ಅಂಚಿಗೆ.
ಅವನ್ನೆಲ್ಲ ಟೈಪಿಸಿ, ಒಂದಕ್ಕೊಂದು ಕೊಂಡಿ ಹಾಕಿ,
ಅವನಿಗೇ ಒಂದು ವಿಕಿ ಕಟ್ಟಿಕೊಟ್ಟವಳು ನಾನು,
ಅವನ ಚೀಲ ಹೊರುವ ಶಿಷ್ಯೆ.
ನಾಲ್ಕು ಸಾವಿರದ ಇನ್ನೂರ ಆರು ಪುಟ.
ಪ್ರತಿ ಪುಟದ ಕೊರಳಿಗೆ ನಾಲ್ಕೈದು ಟ್ಯಾಗು:
ತೇವ. ಇಲಿ. ಶಾಲೆ. ಲಿಫ್ಟ್ ಇಲ್ಲ.
ಕಾಫಿ ಕೊಟ್ಟರು. ದುಡ್ಡು ಕೊಡಲಿಲ್ಲ.

ಮಾರ್ಚ್ ತಿಂಗಳು. ದೌಗಾವಾ ನದಿಯ ಮಂಜುಗಡ್ಡೆ
ಒಡೆಯಲೋ ಬೇಡವೋ ಅನ್ನುತ್ತಿತ್ತು.
ಚೀಲವನ್ನು ಮೇಜಿನ ಮೇಲೆ ಸುರಿದು ಕೂತಿದ್ದ.
"ಕೆಂಪು ಫೆಲ್ಟಿನ ಬೆಣೆ. ನನ್ನ ಗುರುವಿನದು.
ಯಾವುದೋ ಪಿಯಾನೋದ ಹೊಟ್ಟೆಯಲ್ಲೇ ಮರೆತೆ.
ಹನ್ನೊಂದು ವರ್ಷವಾಯಿತು. ಹುಡುಕು."
ಈಗೇಕೆ ಎಂದು ಕೇಳಲಿಲ್ಲ. ಅವನ ಎಡಗಿವಿಯ ಯಂತ್ರ
ಮೇಜಿನ ಮೇಲೆ ತನ್ನಷ್ಟಕ್ಕೆ ಕೀಂಗುಡುತ್ತಿತ್ತು.
ಯಾವ ಮನೆ?
"ಚಳಿಗಾಲ. ನಿಲುವು ಪಿಯಾನೋ. ಮರದ ಮೆಟ್ಟಿಲು.
ನಾಯಿಯೂ ಇತ್ತು. ನನ್ನ ಬೂಟಿನ ಮೇಲೆ ಮಲಗಿತ್ತು."

ಟ್ಯಾಗು ಸೋಸುವುದು ವ್ಯಾಕರಣದ ಕೆಲಸ.
ಚಳಿಯೋ ಮೆಟ್ಟಿಲೋ ನಾಯಿಯೋ ಎಂದರೆ
ಅರ್ಧ ಊರೇ ಬಾಗಿಲಿಗೆ ಬಂದು ನಿಲ್ಲುತ್ತದೆ.
ಚಳಿಯೂ ಮೆಟ್ಟಿಲೂ ನಾಯಿಯೂ ಎಂದರೆ
ಒಂದೊಂದು ಊಕಾರಕ್ಕೂ ಒಂದೊಂದು ಬೀದಿ ಎದ್ದು ಹೋಗುತ್ತದೆ.
ಅವನು ಮಾಡುವುದೂ ಇದನ್ನೇ:
ಒಂದು ಸ್ವರಕ್ಕೆ ಮೂರು ತಂತಿ. ಎರಡರ ನಡುವೆ ಬೆಣೆಯಿಟ್ಟು
ಉಳಿದೊಂದು ಏನನ್ನುತ್ತದೆ ಎಂದು ಕೇಳುವುದು.

ಚಳಿಗಾಲ: ಸಾವಿರದ ತೊಂಬತ್ತು.
ನಿಲುವು ಪಿಯಾನೋವೂ: ಎಂಟುನೂರ ಹನ್ನೆರಡು.
ಮರದ ಮೆಟ್ಟಿಲೂ: ನಲವತ್ತೊಂದು.
ಆ ವರ್ಷವೂ: ಮೂರು.
ನಾಯಿಯೂ:
ಸೊನ್ನೆ.

"ನಾಯಿ ಇತ್ತು," ಎಂದ. ಮತ್ತೆ ಒತ್ತಿದೆ.
ಒತ್ತಿದಷ್ಟು ಸಲವೂ ಅದೇ ದುಂಡು ಮುಖ.
ಉಳಿದದ್ದೆಲ್ಲ ತೆಗೆದು ಆ ವರ್ಷವನ್ನೂ ನಾಯಿಯನ್ನೂ ಮಾತ್ರ ಇಟ್ಟೆ.
ಒಂದೇ ಪುಟ. ಯೂರ್ಮಲಾದ ಕಡಲ ದಂಡೆ, ಜುಲೈ,
ಬೇಸಿಗೆ ಮನೆ, ಗ್ರ್ಯಾಂಡ್ ಪಿಯಾನೋ,
"ಮುದಿ ನಾಯಿ, ಬೂಟಿನ ಮೇಲೇ ನಿದ್ದೆಹೋಯಿತು."
ಅವನು ಬಹಳ ಹೊತ್ತು ಪರದೆ ನೋಡಿದ.
ಹಾಗಾದರೆ ಇಷ್ಟು ವರ್ಷ ಆ ಚಳಿಯ ಮನೆಯಲ್ಲಿ
ಅವನ ಪಾದ ಬೆಚ್ಚಗಿಟ್ಟದ್ದು ಯಾರು?

ನಾಯಿಯನ್ನು ಕಳಚಿ, ಉಳಿದ ಮೂರಕ್ಕೆ ಹೊರಟೆವು.
ಮೊದಲನೆಯದು ಈಗ ಹಲ್ಲಿನ ಡಾಕ್ಟರದು.
ಎರಡನೆಯದರಲ್ಲಿ ಪಿಯಾನೋ ಪುಸ್ತಕದ ಕಪಾಟಾಗಿತ್ತು.
ಮೂರನೆಯದು ಆಗೆನ್ಸ್‌ಕಾಲ್ನ್ಸ್‌ನಲ್ಲಿ.
ಅವನಿಗಿಂತ ಮೊದಲು ಮೆಟ್ಟಿಲು ನರಳಿತು.
ವಿಲ್ಹೆಲ್ಮೀನೆ ಮುಚ್ಚಳ ಎತ್ತಿದಳು. ಅಲ್ಲೇ ಇತ್ತು,
ಕೆಂಪು ಮಾಸಿ ಹಳೆ ಇಟ್ಟಿಗೆಯ ಬಣ್ಣ.
"ಈ ಒಂದು ಸ್ವರ ಪಿಸುಗುಡುತ್ತದೆ.
ಅದರ ಸ್ವಭಾವವೇ ಅಷ್ಟು ಅಂದುಕೊಂಡಿದ್ದೆವು.
ಮಗಳು ಇದರ ಮೇಲೇ ಕಲಿತಳು."
ಬೆಣೆ ಕಿತ್ತ. ಮೂರೂ ಒಟ್ಟಿಗೆ ಬಾಯಿಬಿಟ್ಟವು,
ದಾಯಾದಿಗಳ ಹಾಗೆ. ಕೀಲಿ ತಿರುಗಿಸಿ ತಿರುಗಿಸಿ
ಒಂದು ದನಿಗೆ ತಂದ.
ಅವಳು ಒತ್ತಿ ಕೇಳಿದಳು. ಇನ್ನೊಮ್ಮೆ ಒತ್ತಿದಳು.
"ಚೆನ್ನಾಗಿದೆ," ಎಂದಳು. ಆಮೇಲೆ ತಡೆದು,
"ಅದನ್ನು ಮತ್ತೆ ಅಲ್ಲೇ ಇಡಲಾದೀತೆ?"

ಇಟ್ಟು ಬಂದ.

ಟ್ರಾಮಿನಲ್ಲಿ ಆ ಪುಟ ತೆರೆದೆ. ಇದ್ದ ಟ್ಯಾಗು ಯಾವುದೂ ಹೊಂದಲಿಲ್ಲ.
"ಬಿಟ್ಟುಬಂದದ್ದು" ಎಂದು ಹೊಸದು ಬರೆದೆ.
ಪಕ್ಕದಲ್ಲಿ ಒಂದು ಎಂಬ ಅಂಕಿ ಮೂಡಿತು.
ಅವನು ಬಗ್ಗಿ ಓದಿ, ಸೇತುವೆ ದಾಟುವವರೆಗೂ ಸುಮ್ಮನಿದ್ದ.
"ಹಾಗಾದರೆ ಬರೆದುಕೋ. ಸೆಸಿಸ್ ಚರ್ಚಿನಲ್ಲಿ ಕನ್ನಡಕ.
ಲೀಪಾಯಾದಲ್ಲಿ ಒಂದು ಛತ್ರಿ.
ಲೀಪಾಯಾದಲ್ಲೇ, ಅದೇ ಮನೆಯಲ್ಲಿ..."
ನಿಲ್ದಾಣ ಬಂತು. ಇಳಿದೆವು.

ಛತ್ರಿಯ ಪುಟದಲ್ಲಿ ಎರಡನೆಯ ಟ್ಯಾಗಿನ ಜಾಗ
ಹಾಗೇ ಖಾಲಿ ಬಿಟ್ಟಿದ್ದೇನೆ.