ಐದನೆಯ ದೀಪ

ಅಕ್ಕಲಕೋಟದ ನಮ್ಮ ಮನಿ ಗ್ವಾಡಿ ಮೊಳಕ್ಕಿಂತ ದಪ್ಪ,
ಕರಿಕಲ್ಲು. ಗಾಳ್ಯಾಗಿನ ನೆಟ್ಟು
ಪಡಸಾಲಿ ದಾಟೂದಿಲ್ಲ.
ಅದಕ್ಕ ಸೊಲ್ಲಾಪುರದಿಂದ ತಂದೆ
ಎಂಟು ಬಾಯಿನ ಸ್ವಿಚ್ಚು, ಒಂದು ಸುರುಳಿ ಕೇಬಲ್ಲು.

ಸಿಪ್ಪಿ ಸುಲಿದರ ಒಳಗ ಎಂಟು ಎಳಿ,
ಜೋಡಿ ಜೋಡಿ ಹೊಸೆದದ್ದು.
"ನಾರಿಂಗಿ, ಹಿರವಾ" ಅಂತಾಳ
ಟಾರ್ಚ್ ಹಿಡಿದ ಪ್ರಾಜಕ್ತಾ, ಮರಾಠಿ ಸಾಲಿಯಾಕಿ.
"ಕೇಸರಿ, ಹಸರು" ಅಂತೀನಿ ನಾನು.
ಹೆಸರು ಏನರ ಇರಲಿ,
ಈ ತುದಿಗೆ ಹ್ಯಾಂಗೋ ಆ ತುದಿಗೂ ಹಾಂಗ ಕುಂತರs ದೀಪ.
ಹಸರಿನ ಜೋಡಿ ಮಾತ್ರ ಅಗಲಿ ಕುಂಡ್ರಬೇಕು,
ನಡುವ ನೀಲಿಯವರು.

ಟೀವಿಗೆ ಹೋತು, ಅಂಗಡಿ ಬಿಲ್ಲಿನ ಕಂಪ್ಯೂಟರಿಗೆ,
ಕ್ಯಾಮೆರಾ ಡಬ್ಬಿಗೆ, ಈಕಿ ಅಭ್ಯಾಸಕ್ಕ.
ಐದನೆಯ ಬಾಯಿ ತೆರಕೊಂಡs ಇತ್ತು,
ಕೇಬಲ್ಲೂ ಹತ್ತು ಮೊಳ ಉಳಿದಿತ್ತು.

ಗ್ವಾಡಿ ಆಚಿಕಡಿ ರೇವಪ್ಪ ಕಾಕಾ.
ಪಾಲಾಗಿ ಒಂಬತ್ತು ವರ್ಷ, ಮಾತಿಲ್ಲ.
ಪಣತಿ ಇಡೂ ಮಾಡದ ಹಿಂದ ಕಲ್ಲು ತೆಳು;
ಅಲ್ಲೇ ಡ್ರಿಲ್ಲು ಹಚ್ಚಿದೆ.
ಯಾರೂ ಬೈಲಿಲ್ಲ.
ಕ್ಲಿಪ್ಪು ಒತ್ತಿ ತುದಿ ತೂರಿಸಿ ಕುಂತೆ.
ಚಾ ಆರೂ ಹೊತ್ತಿಗೆ
ಯಾರೋ ಮೆಲ್ಲಕ ಜಗ್ಗಿಕೊಂಡರು.

ಅಂದಿನಿಂದ ರಾತ್ರಿ ಹತ್ತಕ್ಕ ಐದನೆಯ ದೀಪ ಮಿಣಮಿಣ.
ಏನು ನೋಡತಾನೋ. ಕುಸ್ತಿ ಇದ್ದೀತು.
ಮಲಗೂ ಮುಂದ ನಾ ಅದನ್ನೊಮ್ಮೆ ನೋಡತೀನಿ.

ನಿನ್ನೆ ಹತ್ತೂವರಿ ಆದರೂ ಅದು ಕತ್ತಲು.
ಕಲ್ಲಿಗೆ ಕಿವಿ ಹಚ್ಚಿ ನಿಂತೆ.
ಆಚಿಯಿಂದ ಮೂರು ಸಲ ಬಡಿದ ಸಪ್ಪಳ,
ಒಂದು ಕೆಮ್ಮು,
ಆಮ್ಯಾಲ, ತುಕ್ಕು ಹಿಡಿದ ದನಿ:
"ಏ, ನೆಟ್ ಹೋಗ್ಯಾದ."