ಹಲ್ಲಿನ ಡಾಕ್ಟರ್

ಫಳ್ನೀರಿನ ಇಳಿಜಾರಿನಲ್ಲಿ ನನ್ನ ಅಂಗಡಿ:
ಝೆರಾಕ್ಸ್, ಲ್ಯಾಮಿನೇಶನ್, ಮೂರು ಕಂಪ್ಯೂಟರ್.
ಒಂದರಲ್ಲಿ 'ಎ' ಒತ್ತಿದರೆ ಅಕ್ಷರ ಬೀಳುವುದಿಲ್ಲ.

ಅದರ ಎದುರೇ ಕೂರುತ್ತಾರೆ ಜಸಿಂತಾ ಬಾಯಿ,
ಶುಕ್ರವಾರ ನಾಲ್ಕಕ್ಕೆ,
ಗೋಡೆಗೆ ಬೆನ್ನು ಕೊಟ್ಟು.
ಏಳುವಾಗ ಹತ್ತರ ಎರಡು ನೋಟು,
ಮಡಚಿ, ಮತ್ತೂ ಮಡಚಿ.

ಕಳೆದ ವಾರ ಕಂಕನಾಡಿ ಬಸ್ಸು ಹಾರ್ನ್ ಹಾಕಿತೆಂದು
ಓಡಿದರು. ಲಾಗೌಟ್ ಮಾಡಲಿಲ್ಲ.
ಮುಚ್ಚಲು ಹೋದವನೆದುರು
ಇಡೀ ತಿಂಗಳು ಬಿಚ್ಚಿಕೊಂಡು ಕೂತಿತ್ತು:
ಗ್ಯಾಸ್ ಬುಕಿಂಗ್. ಅತ್ತೆಯ ಬಿಪಿ ಮಾತ್ರೆ.
ವಿಲ್ಫಿ ಹಡಗಿಗೆ ವಾಪಸ್.
ಮತ್ತೆ ಪ್ರತಿ ಶುಕ್ರವಾರ, ನಾಲ್ಕರಿಂದ ಐದು,
ಹಸಿರು ಪಟ್ಟಿ: ಹಲ್ಲಿನ ಡಾಕ್ಟರ್.
ಮುಗಿಯುವ ದಿನಾಂಕ ಇಲ್ಲ.
ಕೆಳಗೆ ಸಣ್ಣಕ್ಷರ:
ಮನೆಯ ನಾಲ್ವರಿಗೂ ಕಾಣುತ್ತದೆ.

ಮಾರಾಯ್ರೆ, ಅವರ ಹಲ್ಲು ನಾನು ನೋಡಿದ್ದೇನೆ,
ಪರದೆಗೆ ಮುಖ ಕೊಟ್ಟು ಒಬ್ಬರೇ ನಗುವಾಗ.
ಅಷ್ಟೂ ಉಂಟು. ಒಂದೂ ಹುಳುಕಿಲ್ಲ.

ಪಕ್ಕದ ಟ್ಯಾಬಿನಲ್ಲಿ ಇನ್‌ಬಾಕ್ಸ್,
ಓದದೆ ಬಿಟ್ಟದ್ದು ಒಂದು.
ಮೌಸು ಅಲ್ಲಿಗೆ ಹೋಯಿತು, ಸುಳ್ಳು ಹೇಳುವುದಿಲ್ಲ.
ಹೋಗಿ, ಸ್ವಲ್ಪ ಹೊತ್ತು ನಿಂತು,
ತಿರುಗಿ ಬಂತು.

ಮೂಲೆಯಲ್ಲಿ ಬ್ರೌಸರ್ ಇನ್ನೂ ಕೇಳುತ್ತಲೇ ಇತ್ತು:
ಪಾಸ್‌ವರ್ಡ್ ನೆನಪಿಟ್ಟುಕೊಳ್ಳಲೇ?
ಬೇಡ, ಎಂದೆ,
ಅದರ ಪರವಾಗಿಯೂ, ನನ್ನ ಪರವಾಗಿಯೂ.

ಈ ಶುಕ್ರವಾರವೂ ಬಂದರು. ಕೂತರು.
ಹೊಸ ಕೀಬೋರ್ಡ್ ಹಾಕಿಟ್ಟಿದ್ದೆ.
ಅಭ್ಯಾಸದ ಮೇಲೆ 'ಎ'ಯನ್ನು ಜೋರಾಗಿ ಒತ್ತಿದರು,
ಸಾಲಾಗಿ ನಾಲ್ಕು ಬಿತ್ತು.
ತಲೆಯೆತ್ತಿ ನನ್ನ ಕಡೆ ನೋಡಿದರು.

ನಾನು ಯಾರದೋ ರೇಷನ್ ಕಾರ್ಡು ಹಿಡಿದು
ಲ್ಯಾಮಿನೇಶನ್ ಮೆಷಿನು ಬಿಸಿಯಾಯಿತಾ ಎಂದು
ಬೆರಳಿಟ್ಟು ನೋಡುತ್ತಿದ್ದೆ.