ಮೈಮೇಲಿನ ಗುರುತು

ಹೆಬ್ಬಾಳದ ಮೇಲ್ಸೇತುವೆ ಇಳಿದು, ಎಡಕ್ಕೆ,
ಬಾಗಿಲ ಮೇಲೆ ಸದಾ ಒಂದು ಹಲ್ಲಿ ಇರುವ ಕೋಣೆ.
ನುಸಿಗುಳಿಗೆ ವಾಸನೆ. ದಿನಕ್ಕೆ ಐವತ್ತು ಚಿತ್ರ ನನ್ನ ಪಾಲು.
ಬೆಟ್ಟದ ಚಿಟ್ಟೆಗಳು. ನಾನು ಹತ್ತಿದ್ದು
ನಂದಿಬೆಟ್ಟ ಒಂದೇ, ಅದೂ ಮದುವೆಯಾದ ವರ್ಷ,
ಮಂಜಿನಲ್ಲಿ ಏನೂ ಕಾಣಲಿಲ್ಲ.

ಇವು ಲಾಹೌಲಿನವು. ಹದಿಮೂರು ಸಾವಿರ ಅಡಿ.
ಹೇಸರಗತ್ತೆ ಹೊಡೆಯುವ ತಾಶಿ ಅನ್ನುವವನು
ಮೊಬೈಲಿನಲ್ಲಿ ಹಿಡಿದು ಕಳಿಸುತ್ತಾನೆ.
ಕೆಲವದರಲ್ಲಿ ಅವನ ಹೆಬ್ಬೆರಳೇ ಅರ್ಧ ಆಕಾಶ.
ಒಂದರಲ್ಲಿ ಬರೀ ಕತ್ತೆಯ ಕಿವಿ.

ಬಿಳಿ ರೆಕ್ಕೆ, ಬೂದಿ ಚೆಲ್ಲಿದ ಹಾಗೆ ಅಂಚು,
ಹಿಂದಿನ ರೆಕ್ಕೆಯಲ್ಲಿ ಕುಂಕುಮದ ಬೊಟ್ಟು.
ಬೊಟ್ಟು ಎಷ್ಟು? ಕೇಳಬೇಡಿ.
ಎರಡು. ನಾಲ್ಕು. ಒಂದಕ್ಕೆ ಸುತ್ತ ಕಪ್ಪು ಕಟ್ಟು,
ಇನ್ನೊಂದಕ್ಕೆ ಕುಂಕುಮ ಅಳಿಸಿ ಬರೀ ಕಲೆ.
ಈ ಕಣಿವೆಯಲ್ಲಿ ದಟ್ಟ, ಆಚೆ ಕಣಿವೆಯಲ್ಲಿ ಪೇಲವ,
ಗಂಡಿಗೊಂದು, ಹೆಣ್ಣಿಗೊಂದು,
ಹಿಮ ತಡವಾಗಿ ಕರಗಿದ ವರ್ಷ ಮತ್ತೊಂದು.
ಪುಸ್ತಕದ ಚಿತ್ರದ ಹಾಗೆ ಇರುವುದು
ಪುಸ್ತಕದಲ್ಲಿರುವುದು ಮಾತ್ರ.

‘ಕುಡಿಮೀಸೆ ನೋಡಿ’ ಅನ್ನುತ್ತಾರೆ ಸ್ಟೆಲ್ಲಾ ಮೇಡಂ,
‘ಪಟ್ಟೆ ಇದೆಯೋ ಇಲ್ಲವೋ. ಬಣ್ಣ ನಂಬಬೇಡಿ.’
ಹಿಗ್ಗಿಸುತ್ತೇನೆ. ಮೀಸೆ ಒಡೆದು
ಚೌಕ ಚೌಕ ಮೊಸಾಯಿಕ್ ಚೂರು.
ನಮಗೆ ಬೇಕಾದ್ದು ಕೆಳಮೈ, ತಾಶಿ ಕಳಿಸುವುದು ಮೇಲ್ಮೈ.
ಚೆಂದ ಇರುವುದು ಅಲ್ಲೇ ತಾನೆ, ಅವನ ತಪ್ಪೇನು.

ಇದಕ್ಕೆ ಮುಂಚೆ ಇಪ್ಪತ್ತಾರು ವರ್ಷ
ಶಿವಾಜಿನಗರ, ಖಲಂದರ್ ಸಾಹೇಬರ ಸ್ಟುಡಿಯೋ,
ಮಹಡಿಮೆಟ್ಟಿಲ ಕೆಳಗೆ ನನ್ನ ಸ್ಟೂಲು.
ಗಾಜಿನ ಮೇಲೆ ನೆಗೆಟಿವ್, ಕೆಳಗೆ ಬಲ್ಬು,
ಸೂಜಿಯಷ್ಟು ಮೊನೆ ಮಾಡಿದ ಪೆನ್ಸಿಲು. ಉಸಿರು ಬಿಗಿಹಿಡಿದು
ಸಿಡುಬಿನ ಗುಳಿ ತುಂಬುತ್ತಿದ್ದೆ.
ಹುಬ್ಬಿನ ಗಾಯ, ತುಟಿಯ ಸೀಳು, ಅತ್ತು ಊದಿದ ಕಣ್ಣಡಿ.
ಗಂಡಿನ ಮನೆಗೆ ಹೋಗುವ ಫೋಟೋ,
ದುಬೈ ವೀಸಾದ ಫೋಟೋ, ಸತ್ತವರದೂ.
‘ಇವಳು ನಮ್ಮ ಹುಡುಗಿಯೇ?’
ಅಂತ ಒಬ್ಬ ತಾಯಿ ಕೇಳಿದ್ದಳು ಕೌಂಟರಿನಲ್ಲಿ,
ಹಿಗ್ಗಿನಿಂದಲೋ ಗಾಬರಿಯಿಂದಲೋ.
ದುಡ್ಡು ಕೊಟ್ಟು ಹೋದಳು.

ನಿನ್ನೆ ಮಧ್ಯಾಹ್ನ, ಕರೆಂಟು ಹೋಗಿ ಬಂದಮೇಲೆ,
ಮೂರು ಚಿತ್ರ ಒಟ್ಟಿಗೆ ತೆರೆದುಕೊಂಡವು.
ಮೂರಕ್ಕೂ ಹೆಸರಿಟ್ಟವಳು ನಾನೇ,
ಬೇರೆ ಬೇರೆ ವಾರ, ಬೇರೆ ಬೇರೆ ಜಾತಿ.
ಒಂದು ಬೆಳಗಿನ ಬಿಸಿಲಲ್ಲಿ ಹಾಲುಬಿಳಿ,
ಒಂದು ಮೋಡದಡಿ ನೀಲಿಗೆ ತಿರುಗಿದ್ದು,
ಒಂದು ಪುಡಿಯೆಲ್ಲ ಉದುರಿ ಗಾಜಿನಂತಾದದ್ದು.
ಎಡಗಡೆ ಹಿಂದಿನ ರೆಕ್ಕೆಯಲ್ಲಿ, ಮೂರಕ್ಕೂ,
ಹಕ್ಕಿ ಕುಕ್ಕಿದಷ್ಟು ಒಂದು ಕಚ್ಚು.

ಅದೇ ಓರೆ. ಅದೇ ಆಳ.
ಬೆರಳು, ಹಾಳಾದ್ದು, ತಾನಾಗಿ
ಪೆನ್ಸಿಲು ಹುಡುಕಿತು ತುಂಬಲಿಕ್ಕೆ.

ನನ್ನ ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಹೆಡ್‌ಮಾಸ್ಟರು
ನೀಲಿ ಶಾಯಿಯಲ್ಲಿ ಬರೆದಿದ್ದಾರೆ:
ಮೈಮೇಲಿನ ಗುರುತು, ಬಲ ಮೊಣಕೈಯಲ್ಲಿ ಸುಟ್ಟ ಕಲೆ.
ನನ್ನ ಮದುವೆಯ ಫೋಟೋದಲ್ಲಿ ಅದಿಲ್ಲ.
ತಿದ್ದಿದ್ದು ನಾನೇ, ಬಹಳ ಚೆನ್ನಾಗಿ.

ಎರಡು ಹೆಸರು ಅಳಿಸಿದೆ. ಮೂರನೆಯದರ ಮುಂದೆ
ಒಂದು ಪ್ರಶ್ನೆಚಿಹ್ನೆ ಹಾಕಿದೆ.
ಮೇಡಂ ಬೈಯಲಿಲ್ಲ. ‘ಒಂದೇ ಅಂತ ಗೊತ್ತಾಯಿತಲ್ಲ,
ಯಾವುದು ಅನ್ನುವುದು ಆಮೇಲಾಗಲಿ.’
ತಾಶಿಗೆ ಬರೆದೆ ನನ್ನ ಹರಕು ಹಿಂದಿಯಲ್ಲಿ:
ಬಗ್ಗಿ, ಕೆಳಗಿನಿಂದ ತೆಗಿ, ಎಡರೆಕ್ಕೆ ಹರಿದದ್ದನ್ನು.
ಉತ್ತರ ಬಂತು: ರಾತ್ರಿ ಹಿಮ ಬಿತ್ತು,
ಚಿಟ್ಟೆ ಇನ್ನು ಮುಂದಿನ ವರ್ಷ,
ಕತ್ತೆ ಬೇಕಾದರೆ ಕಳಿಸುತ್ತೇನೆ.

ಸಂಜೆ ಬಸ್ಸಿನಲ್ಲಿ, ಪುಕ್ಕಟೆ ಟಿಕೆಟ್ಟಿಗೆ,
ಆಧಾರ್ ಚಾಚಿದೆ. ಕಂಡಕ್ಟರು ಕಾರ್ಡು ನೋಡಿದ,
ನನ್ನನ್ನು ನೋಡಿದ, ಮತ್ತೆ ಕಾರ್ಡು ನೋಡಿದ.
‘ನೀವೇನಾ ಇದು?’
ಸೆರಗು ಸರಿಸಿ ಮೊಣಕೈ ಮುಂದೆ ಮಾಡಿದೆ.
ಅವನಿಗೇನು ಅರ್ಥವಾಯಿತೋ,
ಟಿಕೆಟ್ಟು ಹರಿದು ಕೊಟ್ಟ.